ಒಬ್ಬಳೇ ಎಂಬುದಕ್ಕೆ ಕಾಗದ

ಬಸ್ಸು ನಂಗವಳ್ಳಿ ಬಿಡುವ ಹೊತ್ತಿಗೇ ಪೂಂಗೊಡಿಗೆ ಸಾಕುಸಾಕಾಗಿತ್ತು. ಗಂಟೆ ಇನ್ನೂ ಒಂಬತ್ತೂವರೆ. ಮೇ ತಿಂಗಳ ಬಿಸಿಲಿಗೆ ಕಿಟಕಿಯ ಕಂಬಿ ಆಗಲೇ ಕೈ ಇಡಲಾಗದಷ್ಟು ಕಾದಿತ್ತು. ಪಕ್ಕದ ಹೆಂಗಸು ಮಡಿಲಲ್ಲಿ ಕಾಲು ಕಟ್ಟಿದ ಕೋಳಿಯೊಂದನ್ನು ಇಟ್ಟುಕೊಂಡಿದ್ದಳು. ಅದು ಪ್ರತಿ ತಿರುವಿನಲ್ಲೂ ಇವಳ ಫೈಲನ್ನು ಕುಕ್ಕುತ್ತಿತ್ತು. "ಏನೂ ಮಾಡಾಕಿಲ್ಲ ಬುಡಮ್ಮ, ಅದುಕ್ಕೇನ್ ಗೊತ್ತಾಯ್ತದೆ," ಎಂದು ಹೆಂಗಸು ಕೋಳಿಯ ಪರವಾಗಿ ಹೇಳಿದಳು. ಫೈಲಿನಲ್ಲಿ ಏನೇನಿದೆ ಎಂದು ಪೂಂಗೊಡಿಗೆ ಕಣ್ಣು ಮುಚ್ಚಿಕೊಂಡು ಹೇಳಲು ಬರುತ್ತಿತ್ತು. ಏನಿಲ್ಲ ಎಂಬುದೂ. ಗಂಡ ಗಿರಿ ಸತ್ತು ಭಾನುವಾರಕ್ಕೆ ಒಂದು ವರ್ಷ. ಕೆಲಸದಲ್ಲಿರುವಾಗಲೇ ತೀರಿಕೊಂಡವನ ಹೆಂಡತಿಗೆ ಕಾರ್ಖಾನೆ ಕೊಡುವ ಕೆಲಸಕ್ಕೆ ಆ ವರ್ಷದೊಳಗೆ ಅರ್ಜಿ ಪೂರ್ತಿಯಾಗಬೇಕು. ಒಂದು ಕಾಗದ ಕಡಿಮೆಯಾದರೂ ಅದು ಅರ್ಜಿಯಲ್ಲ. ಇವತ್ತು ಶುಕ್ರವಾರ; ಶನಿವಾರ ಕಾರ್ಖಾನೆಯ ಆ ಸೆಕ್ಷನ್ನಿಗೆ ರಜೆ. "ಶುಕ್ರವಾರ ನಾಲ್ಕು ಗಂಟೆವರೆಗೆ ಫೈಲು ತೆರೆದಿಟ್ಟುಕೊಂಡಿರ್ತೀನಿ ಅಮ್ಮಾ, ಆಮೇಲೆ ನನ್ನ ಕೈಯಲ್ಲಿಲ್ಲ," ಎಂದು ಸೆಕ್ಷನ್ನಿನ ಶಿವರಾಮನ್ ತಮ್ಮ ಮೆಲುತಮಿಳಿನಲ್ಲಿ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ ಹೇಳಿದ್ದರು. ಒಳ್ಳೆಯ ಮನುಷ್ಯ. ಅದೂ ಅವಳನ್ನು ರೇಗಿಸುತ್ತಿತ್ತು. ಕೆಟ್ಟವರಾಗಿದ್ದರೆ ಒಂದು ಸಲ ಕೂಗಾಡಿ ಬಂದುಬಿಡಬಹುದಿತ್ತು.

ಇಲ್ಲದ ಕಾಗದ ಒಂದೇ. ಎಂ.ಎ. ಓದಿದ ಪೂಂಗೊಡಿಯೂ, ಗಿರಿಯ ಹೆಂಡತಿ ಕುಪ್ಪಮ್ಮನೂ ಒಬ್ಬಳೇ ಎಂದು ಹೇಳುವ ಕಾಗದ. ಒಂದನೇ ಕ್ಲಾಸಿನಿಂದ ಸೇಲಂ ಕಾಲೇಜಿನವರೆಗೆ ಎಲ್ಲ ಸರ್ಟಿಫಿಕೇಟಿನಲ್ಲೂ ಅವಳು ಪೂಂಗೊಡಿ. ರೇಷನ್ ಕಾರ್ಡಿನಲ್ಲಿ, ತಾಲ್ಲೂಕು ಕಚೇರಿಯ ವಾರಸು ಸರ್ಟಿಫಿಕೇಟಿನಲ್ಲಿ, ಗಿರಿ ತನ್ನ ಕೈಯಾರೆ ಬರೆದುಕೊಟ್ಟಿದ್ದ ಕಾರ್ಖಾನೆಯ ಫಾರಮಿನಲ್ಲಿ ಅವಳು ಕುಪ್ಪಮ್ಮ. ಅವಳಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದನ್ನಾದರೂ ಸಾವು ಕಣ್ಣೆತ್ತಿ ನೋಡದಿರಲಿ ಎಂದು, ಆ ಕಡೆಯ ಮನೆಗಳಲ್ಲಿ ಮಾಡುವ ಹಾಗೆ, ಅಜ್ಜಿ ಅವಳನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ ಬಂದಿದ್ದಳು. ಪಕ್ಕದ ಮನೆಯವಳು ಎತ್ತಿಕೊಂಡು ಬಂದಳು. ಅಜ್ಜಿ ಎರಡು ಹಿಡಿ ತೌಡು ಕೊಟ್ಟು ತನ್ನದೇ ಮೊಮ್ಮಗಳನ್ನು ಕೊಂಡುಕೊಂಡು ಕುಪ್ಪಮ್ಮ ಎಂದು ಕರೆದಳು. ತಮಿಳಿನಲ್ಲಿ ಕುಪ್ಪೆ ಎಂದರೆ ಕಸ. ಸಾವು ನಂಬಿತು. ಇದನ್ನೆಲ್ಲ ಶಿವರಾಮನ್ನರಿಗೆ ಹೇಳಿದಾಗ ಅವರು ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು, "ನಮ್ಮ ಕಡೆಯೂ ಮಾಡ್ತಾರೆ ಅಮ್ಮಾ. ಆದರೆ ಕಾಗದ ಬೇಕು," ಎಂದಿದ್ದರು.

ಗಿರಿ ಯಾಕೆ ಹಾಗೆ ಬರೆದ? ಅವಳು ಎಂ.ಎ. ಎಂದು ಅವನಿಗೆ ಗೊತ್ತಿರಲಿಲ್ಲವೆ? ಸೋದರಮಾವನ ಮಗ, ಲಂಗ ಹಾಕುತ್ತಿದ್ದ ಕಾಲದಿಂದ ಅವಳನ್ನು ಕುಪ್ಪಿ ಎಂದು ಕರೆದವನು, ಅವಳ ಮಾರ್ಕ್ಸ್ ಕಾರ್ಡುಗಳನ್ನು ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಇಟ್ಟವನು. ಹನ್ನೊಂದು ತಿಂಗಳಿಂದ ಈ ಪ್ರಶ್ನೆಯನ್ನು ಎತ್ತಿಕೊಂಡಾಗಲೆಲ್ಲ ಅದು ತಿರುಗಿ ಅವಳ ಮೇಲೇ ಬರುತ್ತಿತ್ತು. ಮದುವೆಯಾದ ಮೂರನೆಯ ತಿಂಗಳು. ಅವನು ಊಟಕ್ಕೆ ಕೂತಿದ್ದ, ಪಕ್ಕದಲ್ಲಿ ಆ ಹಳದಿ ಫಾರಂ. ಅವಳು ಕಂಬಕ್ಕೆ ಒರಗಿ ಪುಸ್ತಕ ಓದುತ್ತಿದ್ದಳು. "ಕುಪ್ಪಿ, ಇದ್ರಲ್ಲಿ ನಿನ್ನೆಸ್ರು ಯಾವ್ದು ಬರೀಲಿ?" ಎಂದ. ಅವಳು ತಲೆ ಎತ್ತದೆ, "ಯಾವ್ದಾರ ಬರ್ಕೊ," ಎಂದಳು. ಅದು ಯಾವ ಪುಸ್ತಕ ಎಂದು ಈಗ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಒಂದು ಕ್ಷಣ ತಲೆ ಎತ್ತಿದ್ದರೆ ಸಾಕಿತ್ತು. ಹಾಗೆ ಎತ್ತಿದ್ದರೆ ಅವನ ಮುಖವೂ ಇನ್ನೊಂದು ಸಲ ಕಂಡಿರುತ್ತಿತ್ತು ಎಂದು ಅನಿಸಿದ ಕೂಡಲೇ ಅವಳು ಕಿಟಕಿಯ ಹೊರಗೆ ನೋಡಿ ಕರೆಂಟು ಕಂಬಗಳನ್ನು ಎಣಿಸತೊಡಗುತ್ತಿದ್ದಳು.

ಏಪ್ರಿಲ್‌ನಲ್ಲಿ ನಲ್ಲಂಪಳ್ಳಿಗೆ ಹೋಗಿ, ಅಲ್ಲಿಂದ ತವರಿನ ಶಾಲೆಗೆ ನಡೆದು ಹೋಗಿ, ಈಗಿನ ಹೆಡ್‌ಮಾಸ್ಟರನ್ನು ಕಂಡು ಬಂದಿದ್ದಳು. ಆತ ರಿಜಿಸ್ಟರಿನ ಧೂಳು ಕೊಡವಿ, ಪುಟ ತಿರುಗಿಸಿ, ಬೆರಳಿಟ್ಟು ತೋರಿಸಿದ: ಪೂಂಗೊಡಿ, ತಂದೆ ಮುನಿಯಪ್ಪ. "ಇಲ್ಲಿರೋದನ್ನ ಬರ್ದುಕೊಡ್ತೀನಿ. ಇಲ್ಲದೆ ಇರೋದನ್ನ ಹೆಂಗ್ ಬರೀಲಿ? ಆವತ್ತು ಬರೆದವರನ್ನೇ ಕೇಳ್ಬೇಕು ನೀವು." ಆವತ್ತು ಬರೆದವರು ವೆಂಕಟಾಚಲಂ ಮೇಷ್ಟ್ರು. ರಿಟೈರಾಗಿ ಎಂಟು ವರ್ಷ. ಸೇಲಂನಲ್ಲಿದ್ದಾರೆ ಎಂದು ಒಬ್ಬರು, ಹೋಗಿಬಿಟ್ಟರಲ್ಲ ಎಂದು ಇನ್ನೊಬ್ಬರು. ಅವಳು ಎರಡನೆಯದನ್ನೇ ನಂಬಿದಳು. ಹೋಗಿಬಿಟ್ಟರು ಎಂಬ ಸುದ್ದಿಯನ್ನು ನಂಬುವುದು ಈಚೆಗೆ ಸುಲಭವಾಗಿತ್ತು. ಇವತ್ತು ಹೊರಟಿದ್ದು ಬರಿಗೈಯಲ್ಲಿ ಶಿವರಾಮನ್ನರ ಮುಂದೆ ನಿಂತು, ಏನಾದರೂ ಮಾಡಿ ಎಂದು ಕೇಳಿಬಿಡುವುದಕ್ಕೆ. ಬಾಗಿಲಲ್ಲಿ ಅತ್ತೆ ಚಿನ್ನತಾಯಿ ಅವಳ ಕಡೆ ನೋಡದೆ, "ಇವತ್ತಾದ್ರೂ ಆಯ್ತದಾ?" ಎಂದು ಆಡಿನ ಮರಿಯನ್ನು ಕೇಳಿದ್ದಳು.

ವನವಾಸಿಯಲ್ಲಿ ಬಸ್ಸು ನಿಂತಾಗ ಮುಂದಿನ ಬಾಗಿಲಲ್ಲಿ ಗಲಾಟೆ. ಹತ್ತುತ್ತಿದ್ದ ಮುದುಕಿಯೊಬ್ಬಳಿಗೆ ಕಂಡಕ್ಟರು, "ಏ ಕೆಳವಿ, ಉಳ್ಳ ಪೋ," ಮುದುಕೀ ಒಳಗೆ ಹೋಗು, ಎಂದು ಕೂಗಿದ್ದ. ಅವಳ ಹಿಂದಿದ್ದವರೊಬ್ಬರು ಮೆಟ್ಟಿಲ ಮೇಲೇ ನಿಂತು ತಮಿಳಿನಲ್ಲಿ, "ಆಕೆಗೆ ಹೆಸರಿಲ್ಲವೇನಯ್ಯಾ? ಕೇಳು. ಕೇಳಿ ಕರೆ. ಅಲ್ಲಿಯವರೆಗೆ ನಾನು ಹತ್ತುವುದಿಲ್ಲ," ಎಂದರು. ಬಸ್ಸಿನವರೆಲ್ಲ ಬೇಸಿಗೆಯ ಉಸಿರು ಬಿಟ್ಟರು. ಮುದುಕಿಯೇ ಕನ್ನಡದಲ್ಲಿ, "ಬುಡು ಸಾಮಿ, ಕೆಳವಿ ಅಲ್ದೆ ಕುಮರೀನಾ ನಾನು? ಅತ್ತು ಮ್ಯಾಕೆ, ಬಸ್ಸು ಓಗ್ಲಿ," ಎಂದಳು. ಪೂಂಗೊಡಿ ನಗುವ ಮೊದಲೇ ಅವಳ ಬೆನ್ನು ನೆಟ್ಟಗಾಗಿತ್ತು. ಮೆಟ್ಟಿಲ ಮೇಲಿನ ಆ ಧ್ವನಿ ಕೇಳಿದರೆ ಬೆನ್ನು ನೆಟ್ಟಗಾಗುವುದು ಆರನೆಯ ವರ್ಷದಿಂದ ಬಂದ ಅಭ್ಯಾಸ.

ಆವತ್ತು ಜೂನ್. ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿ ತೋರಿಸಿ ಆಗಿತ್ತು. ಆರು ವರ್ಷ ಎಂದು ಬರೆದುಕೊಂಡಾಗಿತ್ತು. ಹೆಸರು? ಅವ್ವ ಬಾಗಿಲ ಹೊರಗೇ ನಿಂತು, "ಕುಪ್ಪಮ್ಮ ಸಾಮಿ," ಎಂದಳು. ಮೇಷ್ಟ್ರು ಪೆನ್ನು ಕೆಳಗಿಟ್ಟರು. ಎದ್ದು ಬಂದು ಅವಳ ಗದ್ದ ಹಿಡಿದೆತ್ತಿ, ಇಡೀ ಕ್ಲಾಸಿಗೆ ಕೇಳುವ ಹಾಗೆ, "ಮನುಷ್ಯರು ಕಸವಲ್ಲ. ಈ ಹೆಸರನ್ನು ನನ್ನ ಕೈ ಬರೆಯುವುದಿಲ್ಲ. ಇವತ್ತಿನಿಂದ ನೀನು ಪೂಂಗೊಡಿ, ಹೂಬಳ್ಳಿ," ಎಂದರು. ಅವ್ವ ಏನೋ ಹೇಳಲು ಬಾಯಿ ತೆರೆದದ್ದು ನೆನಪಿದೆ. ಹೆಸರು ಬದಲಾದರೆ ಸಾವಿಗೆ ಗುರುತು ಸಿಕ್ಕೀತೆಂಬ ಭಯವಿತ್ತೇನೋ. ಹೇಳಲಿಲ್ಲ; ಮೇಷ್ಟ್ರ ಮುಂದೆ ಯಾರು ಏನು ಹೇಳುತ್ತಾರೆ. ಎಂಟನೆಯ ಕ್ಲಾಸು ಮುಗಿದಾಗ ಅಪ್ಪ ಇವಳನ್ನು ಕುರಿಯ ಹಿಂದೆ ಕಳಿಸಲು ಹೊರಟರೆ, ಅದೇ ಮೇಷ್ಟ್ರು ನಾಲ್ಕು ಮೈಲಿ ನಡೆದು ಬಂದು, ಹೊರಗಿನ ಮಂಚದ ಮೇಲೆ ಕೂತು, ಅಪ್ಪ ಹೂಂ ಎನ್ನುವವರೆಗೆ ಮಜ್ಜಿಗೆ ಮುಟ್ಟಲಿಲ್ಲ. ಕಾಲೇಜಿನಲ್ಲಿ ಪೇಟೆಯ ಹುಡುಗಿಯರ ನಡುವೆ ಎದ್ದು ನಿಂತು ಮಾತಾಡಬೇಕಾದಾಗಲೆಲ್ಲ ಆ ಕೈ ಗದ್ದದ ಕೆಳಗೆ ಬಂದು ನಿಲ್ಲುತ್ತಿತ್ತು. ಸತ್ತರೆಂದು ಕೇಳಿದ ದಿನ ಅವಳು ಅಳಲಿಲ್ಲ. ಆಗ ಅವಳಿಗೆ ಯಾವುದಕ್ಕೂ ಅಳು ಬರುತ್ತಿರಲಿಲ್ಲ.

ಸತ್ತವರು ಈಗ ಕೊಡೆಯಿಂದ ದಾರಿ ಮಾಡಿಕೊಂಡು ಬಂದು ಅವಳ ಸೀಟಿನ ಕಂಬಿ ಹಿಡಿದು ನಿಂತರು. ಸಣ್ಣಗಾಗಿದ್ದರು. ಅವಳು ಎದ್ದು ಜಾಗ ಬಿಟ್ಟು, ಹೆಸರು ಹೇಳಿ, ಊರು ಹೇಳಿ, ಅಪ್ಪನ ಹೆಸರು ಹೇಳಿ, ಕೊನೆಗೆ ಆ ಜೂನ್ ತಿಂಗಳ ಕಥೆಯನ್ನೇ ಹೇಳಬೇಕಾಯಿತು. ಕಥೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವಳೇ ಗೊತ್ತಿರಲಿಲ್ಲ.

"ಆ ಉಡುಗಿ ಕೊಯಮತ್ತೂರಲ್ಲಿ ಪ್ರೊಫೆಸರ್ ಅಲ್ವಾ?" ಎಂದರು, ಸಂಶಯದಿಂದ. ಶಾಲೆಯಲ್ಲಿ ಕನ್ನಡ ಬಾಯಿಗೆ ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರ ಬಾಯಲ್ಲಿ ಮನೆಯ ಕನ್ನಡ ಕೇಳಿ ಅವಳೂ ಮನೆಯ ಕನ್ನಡಕ್ಕೆ ಇಳಿದಳು.

"ಯಾರ್ ಏಳಿದ್ರು ಸಾರ್?"

"ಯಾರ್ ಏಳ್ಬೇಕು, ನಾನೇ ಎಲ್ರಿಗೂ ಏಳ್ತಾ ಇದ್ದೀನಲ್ಲ. ಇಪ್ಪತ್ ವರ್ಷದಿಂದ. ಸೆಂಡಾಫ್‌ನಾಗೂ ಏಳ್ದೆ." ಆಗ ಅವಳ ಬೋಳು ಹಣೆ ಅವರ ಕಣ್ಣಿಗೆ ಬಿತ್ತು. "ಏನಮ್ಮಾ ಇದು."

"ಓದ್ ವರ್ಷ, ಸಾರ್. ಲಾರಿ."

"ಆಮ್ಯಾಕೆ ಪ್ರೊಫೆಸರ್ ಕೆಲ್ಸ?"

"ಇಲ್ಲ ಸಾರ್. ಯಾವತ್ತೂ ಇರ್ಲಿಲ್ಲ."

ಅವರು ನೊಂದುಕೊಂಡರು. ಲಾರಿಗೋ ಪ್ರೊಫೆಸರಿಗೋ ತಿಳಿಯಲಿಲ್ಲ. ಅವಳು ಕೋಳಿಯ ಹೆಂಗಸಿನ ತಲೆಯ ಮೇಲಿಂದ ಬಾಗಿ, ಕಾಗದದ ವಿಷಯವನ್ನು, ನಾಲ್ಕು ಗಂಟೆಯ ವಿಷಯವನ್ನು ಹೇಳಿದಳು. ಬರಿಗೈಯಲ್ಲಿ ಹೊರಟ ದಿನವೇ, ಮೂರು ಜಿಲ್ಲೆ ಹುಡುಕಿದರೂ ಸಿಗದ ಕೈ ಇಲ್ಲಿ ಮುಂದಿನ ಸೀಟಿನ ಕಂಬಿ ಹಿಡಿದಿತ್ತು. "ಅದೇನ್ ದೊಡ್ ಇಸ್ಯ, ಬರ್ದುಕೊಡ್ತೀನಿ," ಎಂದರು ಮೇಷ್ಟ್ರು. "ಮೊದ್ಲು ನಾನು ಬದ್ಕಿದ್ದೀನಿ ಅಂತ ತೋರ್ಸಿ ಬರ್ಬೇಕು. ಟ್ರೆಷರೀಲಿ. ವರ್ಸ ವರ್ಸ ಓಗಿ ಮುಖ ತೋರ್ಸದಿದ್ರೆ ಪೆನ್ಷನ್ ನಿಲ್ಲಿಸ್ಬುಡ್ತಾರೆ. ಬದ್ಕಿರೋನು ಬದ್ಕಿದ್ದೀನಿ ಅಂದ್ರೆ ನಂಬಾಕಿಲ್ಲ, ಸೈನ್ ಬೇಕು." ಮಗಳ ಮನೆ ಮೆಟ್ಟೂರಿನಲ್ಲಿ, ಅಳಿಯನಿಗೆ ಕರೆಂಟು ತಯಾರಿಸುವಲ್ಲಿ ಕೆಲಸ, ವನವಾಸಿಯ ಶಿಷ್ಯನೊಬ್ಬನ ಮನೆಗೆ ನಿನ್ನೆ ಬಂದದ್ದು. ಎಲ್ಲವನ್ನೂ ಅವರು ಮೆಟ್ಟೂರು ಬರುವವರೆಗೆ ಹೇಳಿದರು. ಅವಳು ನಿಂತೇ ಇದ್ದಳು.

ಟ್ರೆಷರಿಯ ವರಾಂಡದಲ್ಲಿ ಎಪ್ಪತ್ತು ಎಂಬತ್ತು ಮುದುಕರು ಬದುಕಿದ್ದೇವೆಂದು ಸಾಲು ನಿಂತಿದ್ದರು. ಹತ್ತೂ ಮುಕ್ಕಾಲು. ಸಾಲು ನಡೆಯುತ್ತಿರಲಿಲ್ಲ, ಜರುಗುತ್ತಿತ್ತು. ಸಾರ್, ಇಲ್ಲೇ ಗೋಡೆಗೆ ಒರಗಿ ಎರಡು ಸಾಲು ಬರೆದುಕೊಟ್ಟುಬಿಡಿ ಎಂದು ಅವಳು ಎರಡು ಸಲ ಕೇಳಿದಳು. "ಗೋಡೆಗಿಟ್ಟು ಬರೆಯೋದು ಗೋಡೆ ಬರಹ," ಎಂದರು. ಆಮೇಲೆ ಹಿಂದಿದ್ದವರ ಕಡೆಗೆ ತಿರುಗಿ, ತಮಿಳಿನಲ್ಲಿ, "ನಾನು ಹೇಳುತ್ತಿದ್ದೆನಲ್ಲ, ಆ ಹುಡುಗಿ ಇವಳೇ. ತಿಪ್ಪೆಯ ಹೆಸರು ತೆಗೆದು ಹೂವಿನ ಹೆಸರಿಟ್ಟೆ. ಈಗ ಪ್ರೊಫೆಸರ್," ಎಂದರು. ಒಬ್ಬ ಮುದುಕ ಕೈ ಮುಗಿದ. ಕೈ ಮುಗಿಯುತ್ತ ಅವನ ಕಣ್ಣು ಅವಳ ಹಣೆಗೆ, ರಬ್ಬರು ಚಪ್ಪಲಿಗೆ, ಮತ್ತೆ ಹಣೆಗೆ ಹೋಗಿಬಂತು. ಅವಳು ಮೇಷ್ಟ್ರ ಕಡೆ ನೋಡಿದರೆ ಅವರು ಕನ್ನಡದಲ್ಲಿ, ತುಟಿ ಅಲ್ಲಾಡಿಸದೆ, "ಸುಮ್ನಿರು," ಎಂದರು. ಅವಳು ಎರಡು ಗಂಟೆಯ ಕಾಲ ಪ್ರೊಫೆಸರಾಗಿ ನಿಂತಿದ್ದಳು. ಕೊಯಮತ್ತೂರಿನ ಬಿಸಿಲು ಹೇಗಿದೆ ಎಂದು ಯಾರೋ ಕೇಳಿದ್ದಕ್ಕೆ, "ಪರವಾಯಿಲ್ಲ," ಎಂದಳು. ಇಂಥ ಹೊತ್ತಿನಲ್ಲಿ ಗಿರಿ ಇದ್ದಿದ್ದರೆ ಮುಖವನ್ನು ಗಂಭೀರ ಮಾಡಿಕೊಂಡು ಇನ್ನೂ ನಾಲ್ಕು ಸುಳ್ಳು ಸೇರಿಸುತ್ತಿದ್ದ. ಪ್ರೊಫೆಸರಮ್ಮನ ಕಾರು ರಿಪೇರಿಯಲ್ಲಿದೆ ಎನ್ನುತ್ತಿದ್ದ. ಅವನಿಗೆ ಆಗಾಗ ಅವಳ ಓದನ್ನು ಹೀಗೆ ಹೊತ್ತು ಮೆರೆಸಲು ಇಷ್ಟ. ಮೆರೆಸಿ, ಮನೆಗೆ ಬಂದು, ಕುಪ್ಪೀ, ಹಸಿವು ಎನ್ನುತ್ತಿದ್ದ.

ಒಂದು ಗಂಟೆಗೆ, ಮೇಷ್ಟ್ರ ಮುಂದೆ ಮೂವರು ಇರುವಾಗ, ಕಿಟಕಿ ಮುಚ್ಚಿದರು. ಊಟ. ಮೇಷ್ಟ್ರು ಕಟ್ಟೆಯ ಮೇಲೆ ಕೂತು ಶಿಷ್ಯನ ಮನೆಯಲ್ಲಿ ಕಟ್ಟಿಕೊಟ್ಟಿದ್ದ ಮೊಸರನ್ನವನ್ನು ಬಿಚ್ಚಿ, ನೀನೂ ತಿನ್ನು ಎಂದು ಅರ್ಧ ಅವಳ ಕೈಗೆ ಹಾಕಿದರು. ಪ್ರತಿ ತುತ್ತನ್ನೂ ಎಣಿಸಿದ ಹಾಗೆ ಅಗಿಯುತ್ತಿದ್ದರು. ಅವಳಿಗೆ ಆ ದವಡೆಯ ಚಲನೆಯೇ ಸಹಿಸಲಾಗಲಿಲ್ಲ. ಈ ಮನುಷ್ಯನ ಮಾತಿಗೆ ತಾನು ಹದಿನೇಳು ವರ್ಷ ಓದಿದೆನೆ? ಹಾಗೆ ಅನಿಸಿದ್ದಕ್ಕೆ ತಕ್ಷಣ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಮತ್ತೆ ರೇಗಿತು. ಕೈಯಲ್ಲಿದ್ದ ಅನ್ನವನ್ನು ಎರಡೇ ತುತ್ತಿಗೆ ನುಂಗಿದಳು. "ಮೆಲ್ಲಕ್ ತಿನ್ನಮ್ಮ. ಯಾವ ರೈಲ್ ಓಗ್ಬುಡ್ತದೆ?" ಎಂದರು.

ಅವರು ಬದುಕಿರುವುದು ಎರಡೂ ನಲವತ್ತಕ್ಕೆ ಖಚಿತವಾಯಿತು. ಚೀಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟು, ಜೇಬಿನ ಮೇಲೆ ತಟ್ಟಿಕೊಂಡರು. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಅವಳ ಫೈಲನ್ನೇ ತೊಡೆಯ ಮೇಲೆ ಹಲಗೆ ಮಾಡಿಕೊಂಡು ಬರೆದರು. ಅಕ್ಷರ ಹಾಗೇ ಇತ್ತು: ಬೋರ್ಡಿನ ಮೇಲೆ ಒರೆಸಲು ಮನಸ್ಸು ಬಾರದಂಥ ಆ ದುಂಡು ತಮಿಳು. ಒಂದು ಪುಟ ತುಂಬಿ ಹಿಂದಿನ ಪುಟಕ್ಕೆ ಹೋಯಿತು. ಒಣನೆಲದಲ್ಲಿ ಹಬ್ಬಿದ ಬಳ್ಳಿಯ ಬಗ್ಗೆ ಇತ್ತು. ಮಂಚದ ಮೇಲೆ ಕೂತ ಗುರು, ಮುಟ್ಟದ ಮಜ್ಜಿಗೆ ಇತ್ತು. ಇವಳಿಗೆ ಬೇಕಾದ ಜಾಗದಲ್ಲಿ, 'ಮನೆಯಲ್ಲಿ ಅಜ್ಞಾನದಿಂದ ಕರೆಯುತ್ತಿದ್ದ ತಕ್ಕುದಲ್ಲದ ಹೆಸರೊಂದನ್ನು ಬಿಟ್ಟು' ಎಂದಿತ್ತು.

"ಸಾರ್, ಇಲ್ಲಿ ಆ ಎಸ್ರು ಬರೀಬೇಕು."

"ಯಾವೆಸ್ರು?"

"ಅದೇ ಸಾರ್. ಕುಪ್ಪಮ್ಮ." ಹನ್ನೊಂದು ತಿಂಗಳಲ್ಲಿ ಕಚೇರಿಯ ಹೊರಗೆ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಅದನ್ನ ನನ್ ಕೈ ಬರೆಯಾಕಿಲ್ಲ ಅಂತ ಆವತ್ತೇ ಏಳಿದ್ನಲ್ಲ. ನಲವತ್ ಮಕ್ಳ ಮುಂದೆ ಏಳಿದ್ದು."

"ಅದಿಲ್ದೆ ಈ ಕಾಗ್ದುಕ್ಕೆ ಅರ್ಥಾನೇ ಇಲ್ಲ ಸಾರ್."

"ಅರ್ಥ ಇಲ್ವಾ? ಇಷ್ಟ್ ಬರ್ದಿದ್ದೀನಿ."

"ಆ ಎಸ್ರಲ್ಲೇ ಸಾರ್ ನಮ್ಮನೆಯವ್ರು ನನ್ನ ಕರೀತಾ ಇದ್ದದ್ದು. ಕಾಗ್ದದಾಗೂ ಅದೇ ಬರ್ದವ್ರೆ."

"ಓದಿದ್ ಎಂಡ್ತೀನ ಕಸ ಅಂತ ಕರ್ದನಾ?" ಅವರು ನಿಜವಾಗಿ ಬೇಸರಪಟ್ಟು ತಲೆಯಾಡಿಸಿದರು. "ನಡಿ, ನಿಮ್ಮಾಫೀಸರಿಗೆ ನಾನೇ ಏಳ್ತೀನಿ. ತಿಳ್ದೋರಾದ್ರೆ ಒಪ್ತಾರೆ."

ಅವಳಿಗೆ ಆ ಹೊತ್ತಿನಲ್ಲಿ ಹೇಳಲು ಬಹಳ ಇತ್ತು. ದಿನದ ಶಿಫ್ಟು ಮುಗಿಸಿ ಸೈಕಲನ್ನು ಬೇಲಿಗೆ ಒರಗಿಸುವ ಮೊದಲೇ ಅವನು ಕೂಗುತ್ತಿದ್ದ ರೀತಿ. ಆ ಕೂಗಿನಲ್ಲಿ ಕಸವೂ ಇರಲಿಲ್ಲ, ಹೂವೂ ಇರಲಿಲ್ಲ, ಅವಳಿದ್ದಳು. ಹೇಳಿದರೆ ಅದಕ್ಕೂ ಅವರೊಂದು ಪಾಠ ಹೇಳುತ್ತಾರೆ. ಅವಳು ಕೊಡೆ ಎತ್ತಿ ಅವರ ಕೈಗೆ ಕೊಟ್ಟಳು. ಕಾರ್ಖಾನೆಯ ಗೇಟಿಗೆ ಹೋಗುವ ಟೌನ್ ಬಸ್ಸಿಗೆ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಗೇಟಿನಲ್ಲಿ ಮೇಷ್ಟ್ರು ವಾಚ್‌ಮನ್ನನ ಹೆಸರು ಕೇಳಿದರು.

ಮೂರೂ ಮುಕ್ಕಾಲು. ಶಿವರಾಮನ್ ಎದ್ದು ನಿಂತು ಮೇಷ್ಟ್ರಿಗೆ ಕುರ್ಚಿ ಕೊಟ್ಟು, ಫ್ಯಾನನ್ನು ಅವರ ಕಡೆಗೆ ತಿರುಗಿಸಿ, ಕಾಗದದ ಎರಡೂ ಬದಿಯನ್ನು ಓದಿದರು. "ಎಂಥ ತಮಿಳು ಸಾರ್," ಎಂದರು. ಮನಸಾರೆ ಹೇಳಿದ ಮಾತು. "ಆ ಒಂದು ಹೆಸರು ಮಾತ್ರ ಬಿಟ್ಟುಹೋಗಿದೆ."

ಮೇಷ್ಟ್ರು ತಮ್ಮ ಹಳೆಯ ತಮಿಳಿಗೆ ಹೋದರು. ಹೆಸರೆಂದರೆ ಏನು, ಮನುಷ್ಯನನ್ನು ಕರೆಯುವುದೆಂದರೆ ಏನು, ಹುಟ್ಟಿದ ಕೂಸನ್ನು ತಿಪ್ಪೆಯ ಮೇಲಿಡುವ ಜನರ ನಡುವೆ ಒಬ್ಬ ಶಿಕ್ಷಕ ಏನು ಮಾಡಬೇಕು. ಪಕ್ಕದ ಮೇಜಿನವರೂ ಟೈಪ್ ಮಾಡುವುದನ್ನು ನಿಲ್ಲಿಸಿ ಕೇಳಿದರು. ಚೆನ್ನಾಗಿತ್ತು. ಅವಳ ಬೆನ್ನು ಈಗಲೂ ನೆಟ್ಟಗಾಯಿತು. ಅದೇ ಅವಳಿಗೆ ಅಸಹ್ಯವಾಯಿತು. ಗೋಡೆಯ ಗಡಿಯಾರದಲ್ಲಿ ಏಳು ನಿಮಿಷ ಕಳೆಯಿತು. ಶಿವರಾಮನ್ ಕೊನೆಯವರೆಗೆ ಕೇಳಿ, ಒಂದು ಬಿಳಿ ಹಾಳೆಯನ್ನು ಮುಂದೆ ಸರಿಸಿದರು. "ಎರಡೇ ಸಾಲು ಸಾಕು ಸಾರ್. 'ಕುಪ್ಪಮ್ಮ ಎಂದು ತಾಯಿ ಹೇಳಿದ ಹೆಸರನ್ನು ನಾನೇ ಬದಲಿಸಿ, ಪೂಂಗೊಡಿ ಎಂದು ರಿಜಿಸ್ಟರಿನಲ್ಲಿ ಬರೆದೆ.' ಕೆಳಗೆ ಸೈನು, ರಿಟೈರ್ಡ್ ಹೆಡ್‌ಮಾಸ್ಟರ್ ಅಂತ. ಅಷ್ಟೇ."

ಮೇಷ್ಟ್ರು ಹಾಳೆಯನ್ನು ನೋಡಿದರು. "ನಾನೇ ಬದಲಿಸಿ," ಎಂದು ಮೆಲ್ಲಗೆ ಹೇಳಿಕೊಂಡರು. ಆಮೇಲೆ, ಬೇರೆಯೇ ಒಂದು ಧ್ವನಿಯಲ್ಲಿ, "ಇದು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು.

"ಫೈಲಿನಲ್ಲಿರುತ್ತೆ ಸಾರ್. ಆಡಿಟ್‌ನವರು ನೋಡ್ತಾರೆ. ಬೇಕಾದರೆ ವಿದ್ಯಾ ಇಲಾಖೆಗೆ ಬರೆದು ಕೇಳಬಹುದು. ಯಾರೂ ಕೇಳಲ್ಲ."

"ಕೇಳಬಹುದು ಅಂದ್ರಲ್ಲ."

"ಕೇಳಬಹುದು," ಎಂದರು ಶಿವರಾಮನ್. ಸುಳ್ಳು ಹೇಳಲು ಬಾರದ ಮನುಷ್ಯ.

ಮೇಷ್ಟ್ರ ಎಡಗೈ ಅಂಗಿಯ ಜೇಬಿಗೆ ಹೋಗಿ ನಿಂತಿದ್ದನ್ನು ಪೂಂಗೊಡಿ ನೋಡಿದಳು. ಅಲ್ಲಿ ಇವತ್ತಿನ ಪೆನ್ಷನ್ ಚೀಟಿ ಇತ್ತು. ಹೆತ್ತವರು ಕೇಳದೆ ರಿಜಿಸ್ಟರಿನಲ್ಲಿ ಹೆಸರು ಬದಲಿಸಿದ ಹೆಡ್‌ಮಾಸ್ಟರು. ಎಷ್ಟು ಮಕ್ಕಳ ಹೆಸರು? ಅವಳ ಒಂದೇ ಕ್ಲಾಸಿನಲ್ಲಿ ನಾಲ್ಕು ಜನರಿದ್ದರು. ಎಲ್ಲ ಕಡೆಯಿಂದ ಎಲ್ಲರೂ ಒಂದೊಂದು ಫೈಲು ಹಿಡಿದು ಬಂದು ಈ ಮುದುಕನ ಮುಂದೆ ನಿಲ್ಲುವುದು ಅವಳಿಗೆ ಕಾಣಿಸಿತು, ಅವರಿಗೂ ಕಾಣಿಸಿರಬೇಕು. "ತತ್ವ ಅಂತ ಒಂದು ಐತಮ್ಮ," ಎಂದು ಅವರು ಕನ್ನಡದಲ್ಲಿ, ಅವಳೊಬ್ಬಳಿಗೇ ಹೇಳಿದರು. ಬೆರಳು ಜೇಬಿನ ಮೇಲೇ ಇತ್ತು. ಸಿಟ್ಟು ಬರುತ್ತದೆಂದು ಅವಳು ಕಾದಳು. ಬೆಳಗಿನಿಂದ ಅಷ್ಟು ಕೈಹತ್ತಿರವಿದ್ದ ಸಿಟ್ಟು ಈಗ ಬೇಕಾದಾಗ ಬರಲಿಲ್ಲ. ಬಂದದ್ದು ಬರೀ ಆಯಾಸ. ಇವರನ್ನು ಇನ್ನೂ ಹೀಗೆ ಕೂರಿಸಿಕೊಳ್ಳಬಾರದು, ಇನ್ನು ಎರಡು ನಿಮಿಷ ಬಿಟ್ಟರೆ ಇವರು ಕೈ ಮುಗಿದುಬಿಡುತ್ತಾರೆ ಎಂದು ಅನಿಸಿತು.

"ಕುಪ್ಪಮ್ಮ ಅಂತ್ಲೇ ಅರ್ಜಿ ಕೊಟ್ಟರೆ?" ಎಂದು ಅವಳು ಶಿವರಾಮನ್ನರನ್ನು ಕೇಳಿದಳು.

"ಅದಕ್ಕೆ ಅಡ್ಡಿಯೇ ಇಲ್ಲ. ಎಲ್ಲ ಕಾಗದವೂ ಇದೆ. ಆದರೆ ಅಮ್ಮಾ, ಕುಪ್ಪಮ್ಮನ ಓದಿಗೆ ಕಾಗದ ಇಲ್ಲ. ಗುಮಾಸ್ತೆ ಕೆಲಸ ಆಗಲ್ಲ. ಹೆಲ್ಪರ್. ಗುಡಿಸೋದು, ನೀರು ತುಂಬಿಸೋದು, ಫೈಲು ಎತ್ತಿ ಕೊಡೋದು."

"ಬರ್ಕೊಳ್ಳಿ."

"ಪೂಂಗೊಡಿ, ಏನ್ ಮಾಡ್ತಾ ಇದ್ದೀಯ?" ಮೇಷ್ಟ್ರು ಎದ್ದರು. "ಎಂ.ಎ. ಓದಿ ಕಸ ಗುಡಿಸ್ತೀಯಾ?"

"ಓದಿರೋದು ಪೂಂಗೊಡಿ ಸಾರ್," ಎಂದಳು. "ಗಿರಿ ಎಂಡ್ತಿ ಓದಿಲ್ಲ."

ಅವಳು ಅದನ್ನು ವ್ಯಂಗ್ಯಕ್ಕೆ ಹೇಳಿರಲಿಲ್ಲ, ಫೈಲಿನಲ್ಲಿದ್ದದ್ದೇ ಅದು. ಶಿವರಾಮನ್ ಗಡಿಯಾರ ನೋಡಿ, ಬೇರೆ ಫಾರಂ ತೆಗೆದು, ತಾವೇ ಸರಸರನೆ ತುಂಬಿದರು. ಅವಳು ಸೈನು ಮಾಡಲು ಪೆನ್ನಿಗೆ ಕೈ ಚಾಚಿದಾಗ ಅವರು ಪೆನ್ನು ಕೊಡಲಿಲ್ಲ. ವಾರಸು ಸರ್ಟಿಫಿಕೇಟನ್ನು ತಿರುಗಿಸಿ ಅದರ ಹಿಂದೆ ಹೊಲಿದಿದ್ದ ಹೇಳಿಕೆಯನ್ನು ತೋರಿಸಿದರು. ಕುಪ್ಪಮ್ಮ, ಓದುಬರಹ ಬಾರದು. ಕೆಳಗೆ ನೀಲಿ ಹೆಬ್ಬೆಟ್ಟು. ಅದು ಅವಳದೇ. ಗಿರಿ ಸತ್ತ ಹನ್ನೊಂದನೆಯ ದಿನ ಗ್ರಾಮಾಧಿಕಾರಿಯ ಆಳು ಬಂದು, ಹೆಸರು ಕೇಳಿಯೇ ಪ್ಯಾಡು ಬಿಚ್ಚಿದ್ದ. ಗೋಡೆಗೆ ಒರಗಿ ಕೂತಿದ್ದವಳ ಕೈಯನ್ನು ಅತ್ತೆ ಎತ್ತಿ ಕೊಟ್ಟಿದ್ದಳು. ನನಗೆ ಬರೆಯಲು ಬರುತ್ತದೆ ಎಂದು ಹೇಳಬೇಕೆಂದು ಆವತ್ತು ಅವಳಿಗೆ ತೋಚಿರಲಿಲ್ಲ. ಹೇಳಿದ್ದರೂ ಏನು ಬರೆಯುತ್ತಿದ್ದಳೋ.

"ನೀವೀಗ ಸೈನು ಹಾಕಿದರೆ, ಎಲ್ಲಿ ಓದಿದಿರಿ ಅಂತ ನಾನು ಕೇಳಬೇಕಾಗುತ್ತೆ ಅಮ್ಮಾ," ಎಂದು ಶಿವರಾಮನ್ ಬಹಳ ಮೆಲ್ಲಗೆ ಹೇಳಿ, ಇಂಕ್ ಪ್ಯಾಡನ್ನು ತೆರೆದು ಅವಳ ಮುಂದಿಟ್ಟರು. ಅವಳು ಹೆಬ್ಬೆಟ್ಟು ಒತ್ತಿದಳು. ಮೂರು ಪ್ರತಿ, ಮೂರು ಸಲ. ಎರಡನೆಯದು ಸ್ವಲ್ಪ ಕಲಸಿತು.

"ಆ ಕಾಗ್ದ ಕೊಟ್ಬುಡಿ," ಎಂದು ಮೇಷ್ಟ್ರು ಶಿವರಾಮನ್ನರನ್ನು ಕೇಳಿದ್ದು ಕನ್ನಡದಲ್ಲಿ. ಅದು ಅವರಿಗೇ ತಿಳಿಯಲಿಲ್ಲ. ಕೈ ಸನ್ನೆ ನೋಡಿ ಶಿವರಾಮನ್ ಬಳ್ಳಿಯ ಕಾಗದವನ್ನು ತಿರುಗಿ ಕೊಟ್ಟರು. ಮೇಷ್ಟ್ರು ಅದನ್ನು ಮಡಿಸಿದರು, ಮತ್ತೆ ಮಡಿಸಿದರು. ಬಾಗಿಲವರೆಗೆ ಹೋಗಿ ತಿರುಗಿ, ಅವಳನ್ನು ಕರೆಯಲು ಬಾಯಿ ತೆರೆದರು. ಯಾವ ಹೆಸರೂ ಬರಲಿಲ್ಲ. ವರಾಂಡದಲ್ಲಿ ಅವರ ಕೊಡೆಯ ತುದಿ ನೆಲಕ್ಕೆ ತಾಗುತ್ತ ಹೋಗುವ ಶಬ್ದ ಸ್ವಲ್ಪ ಹೊತ್ತು ಕೇಳಿಸಿತು. ಎದ್ದು ಹೋಗಿ ಬಸ್ಸು ಹತ್ತಿಸಿ ಬರಬೇಕು ಎಂದುಕೊಂಡಳು. ಏಳಲಿಲ್ಲ.

ನಾಲ್ಕಕ್ಕೆ ಮೂರು ನಿಮಿಷವಿರುವಾಗ ಶಿವರಾಮನ್ ಅರ್ಜಿಗೆ ಸೀಲು ಒತ್ತಿ, ಸ್ವೀಕೃತಿಯ ಹಾಳೆಯನ್ನು ಹರಿದು ಅವಳ ಕೈಗೆ ಕೊಟ್ಟರು. ಅವಳು ದಿನಾಂಕ ನೋಡಿದಳು, ಫೈಲಿನ ನಂಬರು ನೋಡಿದಳು, ಕೆಳಗಿನ ಸಣ್ಣಕ್ಷರದ ಷರತ್ತುಗಳಿಗೆ ಇಳಿದಳು.

"ಅಮ್ಮಾ," ಎಂದರು ಶಿವರಾಮನ್. ಪಕ್ಕದ ಮೇಜುಗಳ ಕಡೆ ಒಮ್ಮೆ ಕಣ್ಣಾಡಿಸಿದರು. "ಇಲ್ಲಿ ಓದಬೇಡಿ. ಇನ್ನು ಮೇಲೆ ಇಲ್ಲಿ ಯಾವುದನ್ನೂ ಓದಬೇಡಿ. ನೋಡ್ತಿರ್ತಾರೆ."

ಅವಳು ಹೂಂ ಎಂದು ಹಾಳೆಯನ್ನು ಮಡಿಸಿ ತಲೆ ತಗ್ಗಿಸಿದಳು. ಮೇಜಿನ ಗಾಜಿನ ಕೆಳಗೆ ಟೆಲಿಫೋನ್ ನಂಬರುಗಳ ಪಟ್ಟಿಯೊಂದಿತ್ತು. ಮೂರು ಸಾಲು ಮುಗಿದ ಮೇಲೆ ಅವಳಿಗೆ ತಾನು ಓದುತ್ತಿದ್ದೇನೆಂದು ಗೊತ್ತಾಯಿತು.